ಇಂಪ್ಲಾಂಟ್ ಸೋಂಕು ಮತ್ತು ರಕ್ಷಣಾ ಕೋಶಗಳು

ಮುರಿದ ಕಾಲಿಗೆ ಹಾಕಿದ ರಾಡು, ಪ್ಲೇಟು, ಕೃತಕ ಕೀಲು, ಪೇಸ್‌ಮೇಕರ್ ಮೊದಲಾದವುಗಳ ಮೇಲೆ ಬ್ಯಾಕ್ಟೀರಿಯಾ ನೆಲೆಯೂರುವುದೇ ಇಂಪ್ಲಾಂಟ್ ಸೋಂಕು. ಹಳ್ಳಿಯ ರೈತನಿಗಾದರೂ ಲಂಡನ್ನಿನ ಗುಮಾಸ್ತನಿಗಾದರೂ ಇದರ ಕಾಟ ಒಂದೇ ಬಗೆಯದು: ಔಷಧಿ ಇರುವಷ್ಟು ದಿನ ಕೀವು ಬತ್ತುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಒಸರುತ್ತದೆ. ಎಷ್ಟೋ ಸಲ ರಾಡನ್ನೇ ತೆಗೆಸಬೇಕಾಗುತ್ತದೆ.

ಬಿಳಿರಕ್ತಕೋಶಗಳು ಸೂಕ್ಷ್ಮಜೀವಿಗಳನ್ನು ನುಂಗುತ್ತವೆ ಎಂಬುದನ್ನು ವಿಜ್ಞಾನಿ ಮೆಚ್ನಿಕಾಫ್ 1880ರ ದಶಕದಲ್ಲೇ ತೋರಿಸಿದ್ದ. ಹಾಗಾದರೆ ರಾಡಿನ ಬಳಿ ಅವು ಸೋಲುವುದೇಕೆ? ಮೊದಲ ಸುಳಿವು ಸಿಕ್ಕಿದ್ದು 1957ರಲ್ಲಿ. ಸಂಶೋಧಕರಾದ ಎಲೆಕ್ ಮತ್ತು ಕೋನೆನ್ ಸ್ವಯಂಸೇವಕರ ಚರ್ಮದಲ್ಲಿ ಕೀವುಗುಳ್ಳೆ ಏಳಿಸಲು ಲಕ್ಷಗಟ್ಟಲೆ ಸ್ಟಾಫಿಲೋಕಾಕಸ್ ಬ್ಯಾಕ್ಟೀರಿಯಾ ಚುಚ್ಚಬೇಕಾಯಿತು. ರೇಷ್ಮೆ ಹೊಲಿಗೆದಾರ ಜೊತೆಗಿದ್ದಾಗ ಕೆಲವು ನೂರೇ ಸಾಕಾದವು.

ಕಾರಣವನ್ನು ಬಿಡಿಸಿದವರು ಸ್ವಿಟ್ಜರ್ಲೆಂಡಿನ ವರ್ನರ್ ಝಿಮ್ಮರ್ಲಿ ಮತ್ತು ಸಂಗಡಿಗರು. ಅವರು ಗಿನಿಯಿಲಿಗಳ ಚರ್ಮದಡಿ ತೂತುಗಳುಳ್ಳ ಪುಟ್ಟ ಕೊಳವೆಗಳನ್ನು ಹುದುಗಿಸಿದರು. ಕೊಳವೆಯೊಳಗೆ 100 ಬ್ಯಾಕ್ಟೀರಿಯಾ ಸೇರಿದರೂ ಸೋಂಕು ಹಿಡಿಯುತ್ತಿತ್ತು. ಅಲ್ಲಿನ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕೋಶಗಳನ್ನು ಹೊರತೆಗೆದು ಪರೀಕ್ಷಿಸಿದರೆ, ಅವು ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯನ್ನೇ ಕಳೆದುಕೊಂಡಿದ್ದವು. ನುಂಗಲಾಗದ ವಸ್ತುವಿನೊಡನೆ ಸೆಣಸಿ ಅವು ತಮ್ಮ ಅಸ್ತ್ರಗಳನ್ನೆಲ್ಲ ಮೊದಲೇ ಚೆಲ್ಲಿಕೊಂಡಿರುತ್ತವೆ. 1984ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗ ಇನ್ನೂ ಸೊಗಸಾದದ್ದು: ಬ್ಯಾಕ್ಟೀರಿಯಾ ಬಿಡುವ ಮೊದಲು ರಕ್ತದಿಂದ ತೆಗೆದ ತಾಜಾ ನ್ಯೂಟ್ರೊಫಿಲ್‌ಗಳನ್ನು ಕೊಳವೆಗೆ ತುಂಬಿದಾಗ ಸೋಂಕು ಬಹುಮಟ್ಟಿಗೆ ತಪ್ಪಿತು. ಕೋಶಗಳಿಗೇ ಬಲ ತುಂಬಬಹುದೆಂಬ ಆಲೋಚನೆಗೆ ಇದಕ್ಕಿಂತ ಗಟ್ಟಿ ಬುನಾದಿ ಬೇಕಿರಲಿಲ್ಲ. ಆದರೂ ಸಂಶೋಧಕರ ಗಮನ ಬಹುಕಾಲ ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಬಯೋಫಿಲ್ಮ್ ಎಂಬ ಲೋಳೆಪದರ ಮತ್ತು ಅದನ್ನು ಭೇದಿಸುವ ಔಷಧಿಗಳ ಮೇಲೆಯೇ ಇತ್ತು.

2013ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ಯಾಮಿ ಕೀಲಿಯನ್ ತಂಡ ಕೋಶಗಳಿಗೆ ಬಲ ತುಂಬುವ ಜಾಡಿಗೆ ಮರಳಿತು. ಬಯೋಫಿಲ್ಮ್ ಮ್ಯಾಕ್ರೊಫೇಜ್ ಎಂಬ ನುಂಗುವ ಕೋಶಗಳನ್ನು ಮಂಕಾಗಿಸುತ್ತದೆ. ಕೆರಳಿಸಿದ ಮ್ಯಾಕ್ರೊಫೇಜ್‌ಗಳನ್ನು ಸೋಂಕಿತ ಕ್ಯಾತಿಟರ್ (ದೇಹದೊಳಗೆ ಇಡುವ ನಳಿಕೆ) ಬಳಿ ಚುಚ್ಚಿದಾಗ ಇಲಿಗಳಲ್ಲಿ ಸೋಂಕು ತಗ್ಗಿತು. ಸೋಂಕಿಲ್ಲದ ಇಂಪ್ಲಾಂಟ್ ಮೇಲೂ ನ್ಯೂಟ್ರೊಫಿಲ್‌ಗಳು ಮುತ್ತಿ, ತಮ್ಮ ಡಿಎನ್ಎಯ ಬಲೆ ಬೀಸುವುದನ್ನು 2015ರಲ್ಲಿ ವರದಿ ಮಾಡಿದವರು ಸಿದ್ಧಾರ್ಥ್ ಝುನ್‌ಝುನ್‌ವಾಲಾ ಮತ್ತು ಸಹೋದ್ಯೋಗಿಗಳು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಝುನ್‌ಝುನ್‌ವಾಲಾ ಅಲ್ಲಿಯೂ ನ್ಯೂಟ್ರೊಫಿಲ್‌ಗಳ ಅಧ್ಯಯನ ಮುಂದುವರಿಸಿದರು. ಅದೇ ಸಂಸ್ಥೆಯ ಕೌಶಿಕ್ ಚಟರ್ಜಿ ಹಿಡಿದದ್ದು ಬೇರೆ ದಾರಿ: ಬ್ಯಾಕ್ಟೀರಿಯಾವನ್ನು ಚುಚ್ಚಿ ಕೊಲ್ಲುವ ಅತಿಸೂಕ್ಷ್ಮ ಮೊನೆಗಳ ಟೈಟೇನಿಯಂ.

ಸ್ಟಾಫಿಲೋಕಾಕಸ್ ವಿರುದ್ಧದ ಲಸಿಕೆಯ ದಾರಿ ಮಾತ್ರ ಕೈಕೊಟ್ಟಿತು. ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಮರ್ಕ್ ಕಂಪನಿಯ ಪರೀಕ್ಷೆ 2011ರಲ್ಲೂ, ಬೆನ್ನುಮೂಳೆ ಶಸ್ತ್ರಚಿಕಿತ್ಸೆಯವರಲ್ಲಿ ಫೈಝರ್‌ನ ಪರೀಕ್ಷೆ 2018ರಲ್ಲೂ ನಿಂತುಹೋದವು. ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುವುದು ಗಾಯ ತೊಳೆಯುವುದು, ರಿಫಾಂಪಿಸಿನ್ ಸೇರಿದ ದೀರ್ಘ ಆಂಟಿಬಯಾಟಿಕ್ ಚಿಕಿತ್ಸೆ, ಬಗ್ಗದಿದ್ದರೆ ಇಂಪ್ಲಾಂಟ್ ತೆಗೆಯುವುದು.