ಎಪ್ಪತ್ತಮೂರರಲ್ಲಿ ಕಲಿತ ಹಾಡು

ವಯಸ್ಸಾದ ಹಾಡುಗಾರ್ತಿಯನ್ನು ಜನ ಸಾಮಾನ್ಯವಾಗಿ ಕರೆಯುವುದು ಶಾಲು ಹೊದಿಸುವುದಕ್ಕೆ. ಹಾರ, ಫಲತಾಂಬೂಲ, ನಾಲ್ಕು ಒಳ್ಳೆಯ ಮಾತು. ಕೊನೆಯಲ್ಲಿ "ನಿಮ್ಮ ಆ ಹಳೇ ಹಾಡಿನ ಎರಡು ಸಾಲು ಹೇಳಿಬಿಡಿ ಅಮ್ಮಾ" ಎನ್ನುವ ಒತ್ತಾಯ. ಹೇಳಿದರೆ ಚಪ್ಪಾಳೆ. ಅಲ್ಲಿಗೆ ಆಯಿತು. ಹೊಸ ಹಾಡೊಂದನ್ನು ಕೈಗೆ ಕೊಟ್ಟು, "ಇದು ಸರಿ ಬರಲಿಲ್ಲ, ಇನ್ನೊಂದು ಸಲ ಹಾಡಿ" ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳಿಸಿಕೊಂಡ ಒಬ್ಬ ಹೆಂಗಸಿನ ಕಥೆಯನ್ನು ಹೇಳಬೇಕೆನಿಸಿದೆ. ಆಕೆ ಅಮೆರಿಕದ ವಾಂಡಾ ಜಾಕ್ಸನ್.

ರಾಕ್ ಅಂಡ್ ರೋಲ್ ಎಂದರೆ ನಮ್ಮ ಮನೆಗಳಲ್ಲಿ ಗದ್ದಲ ಎಂದೇ ಅರ್ಥ. ನಾನೂ ಹಾಗೇ ತಿಳಿದಿದ್ದೆ. ಮಗಳು ಒಂದು ಸಂಜೆ ಕೇಳಿಸಿದಳು. ಚಿಕ್ಕ ಹುಡುಗಿಯ ತುಂಟತನವೂ ಜಗಳಗಂಟಿಯ ಕರ್ಕಶವೂ ಒಟ್ಟಿಗೇ ಇದ್ದ ದನಿ. ಹಾಡಿದಾಕೆಗೆ ಎಪ್ಪತ್ತು ದಾಟಿದೆ ಎಂದಾಗ ನಂಬಲಿಲ್ಲ. ಚರಿತ್ರೆ ಪಾಠ ಹೇಳುವವಳ ಚಟ, ಯಾವ ಊರು, ಯಾವ ವರ್ಷ ಎಂದು ಹುಡುಕತೊಡಗಿದೆ.

ವಾಂಡಾ ಹುಟ್ಟಿದ್ದು 1937ರಲ್ಲಿ, ಒಕ್ಲಹೋಮ ರಾಜ್ಯದ ಮಾಡ್ ಎಂಬ ಸಣ್ಣ ಊರಿನಲ್ಲಿ. ಕೆಲಸವಿಲ್ಲದೆ ಜನ ಊರು ಬಿಡುತ್ತಿದ್ದ ಕಾಲ. ಅಪ್ಪ ಟಾಮ್ ಜಾಕ್ಸನ್ ಸಂಗೀತ ಬಲ್ಲವನು. ಆದರೆ ಸಂಗೀತ ಹೊಟ್ಟೆ ತುಂಬಿಸಲಿಲ್ಲ. ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಕೆಲವು ವರ್ಷ ಕಳೆದು ಒಕ್ಲಹೋಮ ಸಿಟಿಗೆ ಮರಳಿತು. ಗಿಟಾರು ಕೊಡಿಸಿ, ಹಾಡು ಕಲಿಸಿದವನು ಅಪ್ಪನೇ. ಹೈಸ್ಕೂಲಿನಲ್ಲಿರುವಾಗಲೇ ಊರಿನ ರೇಡಿಯೋದಲ್ಲಿ ಹುಡುಗಿಯ ಕಾರ್ಯಕ್ರಮ ಬರುತ್ತಿತ್ತು. 1954ರಲ್ಲಿ ಅದನ್ನು ಕೇಳಿದ ಹ್ಯಾಂಕ್ ಥಾಂಪ್ಸನ್ ಎಂಬ ಹೆಸರಾಂತ ಗಾಯಕ ತನ್ನ ತಂಡದ ಜೊತೆ ಹಾಡಲು ಕರೆದ. ಅವಳು ಹೇಳಿದ್ದು, ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು! ನಮ್ಮ ಹುಡುಗಿಯರ ಬಾಯಲ್ಲೂ ಮೊದಲು ಬರುವ ಮಾತು ಇದೇ ಅಲ್ಲವೇ?

ಆ ವರ್ಷವೇ ಬಂದ ಒಂದು ಯುಗಳಗೀತೆ ಜನಪ್ರಿಯವಾಯಿತು. ಆದರೂ ಕ್ಯಾಪಿಟಲ್ ರೆಕಾರ್ಡ್ ಕಂಪನಿಯ ಕೆನ್ ನೆಲ್ಸನ್, ಹುಡುಗಿಯರ ರೆಕಾರ್ಡು ಮಾರಾಟವಾಗುವುದಿಲ್ಲ ಎಂದು ತಿರುಗಿ ಕಳಿಸಿದ. ವಾಂಡಾ ಬೇರೆ ಕಂಪನಿಗೆ ಹೋದಳು. ಎರಡು ವರ್ಷದಲ್ಲಿ, 1956ರಲ್ಲಿ, ಅದೇ ಕ್ಯಾಪಿಟಲ್ ಅವಳಿಗೆ ಬಾಗಿಲು ತೆರೆಯಿತು. ರೆಕಾರ್ಡು ಮಾಡಿಸಿದವನು ಅದೇ ಕೆನ್ ನೆಲ್ಸನ್.

ನಡುವಿನ 1955ರಲ್ಲಿ ಸ್ಕೂಲು ಮುಗಿಸಿದವಳು ಊರೂರು ತಿರುಗಿ ಹಾಡಿದಳು. ಜೊತೆಗೆ ಕಾವಲಾಗಿಯೂ ಮ್ಯಾನೇಜರಾಗಿಯೂ ಅಪ್ಪ. ಬಟ್ಟೆ ಹೊಲಿದುಕೊಟ್ಟವಳು ಅಮ್ಮ ನೆಲ್ಲಿ. ಗಾಯಕಿಯರು ಕುದುರೆ ಸವಾರರ ಟೋಪಿ, ಬೂಟು, ದಪ್ಪ ಲಂಗ ತೊಡುತ್ತಿದ್ದ ಕಾಲದಲ್ಲಿ ಮಗಳು ಝಾಲರಿನ ಬಿಗಿ ಉಡುಪು, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಕೆಂದಳು. ತಾಯಿ ಮಗಳು ಸೇರಿ ಹಾಗೇ ಮಾಡಿದರು. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಪ್ರತಿಷ್ಠೆಯ ವೇದಿಕೆಯಲ್ಲಿ ಅವಳ ಸರದಿ ಬಂದಾಗ, ಬರಿಯ ಭುಜದಲ್ಲಿ ಇಲ್ಲಿ ಹಾಡುವಂತಿಲ್ಲ ಎಂದು ಅಡ್ಡ ನಿಂತರು. ಅವಳು ಮೇಲೊಂದು ಜಾಕೆಟ್ ಹಾಕಿಕೊಂಡು ಹಾಡಿ ಬಂದಳು. ಇನ್ನು ಇಲ್ಲಿಗೆ ಕಾಲಿಡುವುದಿಲ್ಲ ಎಂದು ಅಪ್ಪನಿಗೆ ಹೇಳಿದಳಂತೆ. ಸೆರಗು ಸರಿಮಾಡಿಕೋ ಎಂದು ಹೇಳಿಸಿಕೊಂಡು ಬೆಳೆದ ನಮಗೆ ಆ ಜಾಕೆಟ್ಟಿನ ಸೆಕೆ ಗೊತ್ತು. ಹೊಲಿದ ಅಮ್ಮನಿಗೆ ಹೇಗೆನಿಸಿರಬೇಕು ಎಂಬುದೇ ನನಗೆ ಹೆಚ್ಚು ಕಾಡಿದ್ದು.

ಆ ತಿರುಗಾಟದಲ್ಲೇ ಜೊತೆಯಾದವನು ಎಲ್ವಿಸ್ ಪ್ರೀಸ್ಲಿ. ಅವನು ಇನ್ನೂ ಜಗತ್ಪ್ರಸಿದ್ಧನಾಗಿರಲಿಲ್ಲ. ಒಂದು ಉಂಗುರವನ್ನೂ ಕೊಟ್ಟ. ಅದಕ್ಕಿಂತ ಮುಖ್ಯವಾಗಿ, ನೀನೂ ಈ ಹೊಸ ಬಗೆಯ ಹಾಡು ಹಾಡು ಎಂದು ಧೈರ್ಯ ಕೊಟ್ಟ. ಅವಳು ಹಾಡಿದ ಅಂಥ ಹಾಡುಗಳಲ್ಲಿ ಒಂದು 'ಫ್ಯೂಜಿಯಾಮಾ ಮಾಮ'. ಅದರಲ್ಲಿ ಹಿರೋಶಿಮಾ, ನಾಗಸಾಕಿಗಳ ಹೆಸರು ಬರುತ್ತದೆ, ತನ್ನ ಸಿಟ್ಟಿನ ಜೋರು ಹೇಳಿಕೊಳ್ಳಲು. 1945ರ ಆಗಸ್ಟ್ 6ನ್ನು ಪ್ರತಿ ವರ್ಷ ಪಾಠ ಮಾಡುವ ನನಗೆ ಅದು ಕಿವಿಗೆ ಚುಚ್ಚಿತು. ಸೋಜಿಗವೆಂದರೆ ಅದು ಅಮೆರಿಕದಲ್ಲಿ ಓಡಲಿಲ್ಲ, ಜಪಾನಿನಲ್ಲಿ ಭಾರಿ ಜನಪ್ರಿಯವಾಯಿತು. 1959ರಲ್ಲಿ ಅವಳು ಅಲ್ಲಿಗೆ ಹೋಗಿ ಹಾಡಿಯೂ ಬಂದಳು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ತನ್ನ ದೇಶದಲ್ಲಿ ಹೆಸರು ತಂದದ್ದು 'ಲೆಟ್ಸ್ ಹ್ಯಾವ್ ಎ ಪಾರ್ಟಿ'. ಹಿಂದೆಯೇ ಮುದ್ರಿಸಿಟ್ಟಿದ್ದ ಹಾಡು ಅಯೋವಾದ ಒಬ್ಬ ರೇಡಿಯೋ ನಿರೂಪಕನ ಕಣ್ಣಿಗೆ ಬಿದ್ದು, 1960ರಲ್ಲಿ ಬಿಡಿ ಪ್ಲೇಟಾಗಿ ಬಂದು ಪಟ್ಟಿಯಲ್ಲಿ 37ನೆಯ ಸ್ಥಾನಕ್ಕೇರಿತು. ಮರುವರ್ಷ ವೆಂಡೆಲ್ ಗುಡ್‌ಮನ್ ಜೊತೆ ಮದುವೆ. ಗಂಡ ತನ್ನ ಕೆಲಸ ಬಿಟ್ಟು ಹೆಂಡತಿಯ ಮ್ಯಾನೇಜರಾದ. ಆ ಮೇಲೆ ಹಳ್ಳಿಗಾಡಿನ ಕಂಟ್ರಿ ಹಾಡು, 1971ರ ನಂತರ ಭಕ್ತಿಗೀತೆ. ರಾಕ್ ಹಾಡುಗಳನ್ನು ಜನ ಮರೆತರು. 1980ರ ದಶಕದಲ್ಲಿ ಸ್ವೀಡನ್ನಿನವರು ನೆನಪು ಮಾಡಿಕೊಂಡು ಕರೆದರು. 1995ರಲ್ಲಿ ರೋಸಿ ಫ್ಲೋರೆಸ್ ಎಂಬ ಕಿರಿಯ ಗಾಯಕಿ ತನ್ನ ಧ್ವನಿಸುರುಳಿಯಲ್ಲಿ ಜೊತೆಗೆ ಹಾಡಿಸಿ, ಅಮೆರಿಕದ ಊರುಗಳಲ್ಲಿ ತಿರುಗಿಸಿದಳು. ಈ ರೋಸಿಯ ಹೆಸರನ್ನು ಯಾರೂ ಹೆಚ್ಚು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. 2009ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂತು. ಅಂದರೆ ಶಾಲು ಹೊದಿಸಿದರು.

ಇಲ್ಲಿಂದ ಮುಂದೆ 'ಅವಳು' ಎಂದು ಬರೆಯಲು ನನಗೆ ಕೈ ಬಾರದು. ಜಾಕ್ ವೈಟ್ ಹುಟ್ಟಿದ್ದು 1975ರಲ್ಲಿ, ವಾಂಡಾ ಅವರ ಮಗನ ವಯಸ್ಸು. 2004ರಲ್ಲಿ ಲೊರೆಟ್ಟಾ ಲಿನ್ ಎಂಬ ಇನ್ನೊಬ್ಬ ಹಿರಿಯ ಗಾಯಕಿಯ ಧ್ವನಿಮುದ್ರಿಕೆ ಮಾಡಿ ಗ್ರ್ಯಾಮಿ ಪಡೆದಿದ್ದ. ನ್ಯಾಶ್‌ವಿಲ್‌ನ ತನ್ನ ಸ್ಟುಡಿಯೋಗೆ ವಾಂಡಾ ಅವರನ್ನು ಬರಮಾಡಿಕೊಂಡು, ಕಿರಿಯ ವಾದ್ಯಗಾರರ ಗುಂಪನ್ನೇ ಕೂಡಿಸಿದ. ಮುಂದಿಟ್ಟ ಹಾಡುಗಳಲ್ಲಿ ಬಾಬ್ ಡಿಲನ್‌ದೊಂದು, ಲಂಡನ್ನಿನ ಏಮಿ ವೈನ್‌ಹೌಸ್‌ಳದೊಂದು. ಏಮಿಯ ಹಾಡು 2006ರದು. ಮೋಸ ಮಾಡಿ, ನಾನು ಒಳ್ಳೆಯವಳಲ್ಲ ಎಂದು ತಾನೇ ಒಪ್ಪಿಕೊಳ್ಳುವ ಹೆಣ್ಣಿನ ಮಾತು. ಚರ್ಚಿಗೆ ನಡೆದುಕೊಳ್ಳುವ, ಮೊಮ್ಮಕ್ಕಳ ಅಜ್ಜಿ ಹಾಡುವುದೆಂತು? ಒಂದು ಸಾಲು ತನ್ನ ಬಾಯಲ್ಲಿ ಬರುವಂಥದ್ದಲ್ಲ ಎಂದರು. ಜಾಕ್ ಅದನ್ನು ಬದಲಿಸಿಕೊಟ್ಟ. ಆದರೆ ಹಾಡನ್ನು ಬಿಡಲಿಲ್ಲ. ಇನ್ನೂ ಜೋರು, ಇನ್ನೊಮ್ಮೆ ಎಂದು ಹಾಡಿಸಿದ. ಮಖಮಲ್ಲು ಹೊದಿಸಿದ ಇಟ್ಟಿಗೆ ಅವನು ಎಂದರಂತೆ ವಾಂಡಾ. ಮೃದುವಾಗಿ ಮಾತಾಡುತ್ತಾನೆ, ತನಗೆ ಬೇಕಾದ್ದನ್ನು ಮಾತ್ರ ಬಿಡುವುದಿಲ್ಲ.

ಆ ಆಲ್ಬಮ್ 2011ರ ಜನವರಿಯಲ್ಲಿ ಬಂತು. 'ದಿ ಪಾರ್ಟಿ ಏಂಟ್ ಓವರ್', ಅಂದರೆ ಔತಣ ಇನ್ನೂ ಮುಗಿದಿಲ್ಲ. 1960ರ ಹಾಡಿಗೆ ಐವತ್ತು ವರ್ಷದ ಮೇಲೆ ಕೊಟ್ಟ ಉತ್ತರ. ಬಿಲ್‌ಬೋರ್ಡಿನ ಆಲ್ಬಮ್ ಪಟ್ಟಿಯಲ್ಲಿ 58ನೆಯ ಸ್ಥಾನ. ಅದೇ ವರ್ಷ ಅಡೆಲ್ ಎಂಬ ಇಪ್ಪತ್ತಮೂರರ ಗಾಯಕಿಯ ಕಾರ್ಯಕ್ರಮಗಳಲ್ಲಿ ಮೊದಲು ವೇದಿಕೆಗೆ ಬರುತ್ತಿದ್ದವರು ಎಪ್ಪತ್ತಮೂರರ ವಾಂಡಾ. ಇನ್ನೊಂದು ಸಂಗತಿ ಬರೆಯಲು ಸಂಕಟವಾಗುತ್ತದೆ. ಆ ಜುಲೈ 23ರಂದು ಏಮಿ ವೈನ್‌ಹೌಸ್ ತೀರಿಕೊಂಡಳು, ಬರಿಯ 27 ವರ್ಷಕ್ಕೆ. ಕಿರಿಯಳ ಹಾಡು ಹಿರಿಯರ ಬಾಯಲ್ಲಿ ಉಳಿಯಿತು.

ಆಲ್ಬಮ್ ಪೂರ್ತಿ ನನಗೆ ಹಿಡಿಸಿತೆಂದು ಹೇಳಲಾರೆ. ತುತ್ತೂರಿಗಳ ಅಬ್ಬರದಲ್ಲಿ ಕೆಲವೆಡೆ ಆಕೆಯ ದನಿ ಮುಳುಗುತ್ತದೆ. ಅಡುಗೆಗೆ ಒಗ್ಗರಣೆ ಹೆಚ್ಚಾದ ಹಾಗೆ. ಹುಡುಗನಿಗೆ ಉಮೇದು ಜಾಸ್ತಿ. ಮರುವರ್ಷ ಇನ್ನೂ ಚಿಕ್ಕವನಾದ ಜಸ್ಟಿನ್ ಟೌನ್ಸ್ ಅರ್ಲ್ ಮಾಡಿಸಿದ ಆಲ್ಬಮ್ಮಿನಲ್ಲಿ ಅವರಿಗೆ ಉಸಿರಾಡಲು ಜಾಗವಿದೆ. ಆದರೆ ಬೆವರಿಳಿಸಿದವನು ಜಾಕ್ ವೈಟನೇ.

2017ರಲ್ಲಿ ವೆಂಡೆಲ್ ತೀರಿಕೊಂಡರು. 2019ರಲ್ಲಿ ವಾಂಡಾ ವೇದಿಕೆಯಿಂದ ನಿವೃತ್ತಿ ಹೇಳಿದರು. ಆದರೂ 2021ರಲ್ಲಿ ಮತ್ತೊಂದು ಆಲ್ಬಮ್ ಬಂತು, 83ನೆಯ ವಯಸ್ಸಿನಲ್ಲಿ. ಈ ಸಲ ಮಾಡಿಸಿದವರಲ್ಲಿ ಮುಂದೆ ನಿಂತದ್ದು ಹೆಂಗಸು, ರಾಕ್ ಗಾಯಕಿ ಜೋನ್ ಜೆಟ್.

ನಾನು ಮತ್ತೆ ಮತ್ತೆ ಕೇಳುವುದು ಜಾಕ್ ವೈಟ್ ಮಾಡಿಸಿದ ಆಲ್ಬಮ್ಮಿನ ಕೊನೆಯ ಹಾಡನ್ನು. ತುತ್ತೂರಿಯಿಲ್ಲ, ಗದ್ದಲವಿಲ್ಲ. 1933ರಲ್ಲಿ ಕ್ಷಯದಿಂದ ತೀರಿಕೊಂಡ ಜಿಮ್ಮಿ ರಾಡ್ಜರ್ಸ್‌ನ ಹಾಡು. ಅಪ್ಪನಿಂದ ಹಾಡು ಕಲಿತ ಕಾಲದ್ದು. ಗಿಟಾರಿನ ಪಕ್ಕದಲ್ಲಿ ಆ ದನಿ ಗಂಟಲಿನಿಂದ ಒಮ್ಮೆಗೇ ಮೇಲಕ್ಕೆ ಜಿಗಿಯುತ್ತದೆ, ಸ್ವಲ್ಪ ಒಡೆಯುತ್ತದೆ, ಮತ್ತೆ ಕೆಳಗಿಳಿದು ಸಾಲನ್ನು ಮುಗಿಸುತ್ತದೆ.