ಕಾರ್ಡಿನ ‘ಟ್ರಿಗರ್’ ತಕ್ಷಣವೇ ಫಲ ಕೊಡುತ್ತದೆಯೇ?

ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಕಾರ್ಡ್ ಆಟ 1993ರಲ್ಲಿ ಬಿಡುಗಡೆಯಾಯಿತು. ಆಡುವವರ ನಡುವೆ ಇಂದಿಗೂ ವಾದಕ್ಕೆ ಕಾರಣವಾಗುವ ವಿಷಯವೊಂದಿದೆ: ಟ್ರಿಗರ್ಡ್ ಎಬಿಲಿಟಿ, ಅಂದರೆ ಯಾವುದಾದರೂ ಘಟನೆ ನಡೆದಾಗ ತಾನಾಗಿ ಚಾಲನೆಗೊಳ್ಳುವ ಸಾಮರ್ಥ್ಯ. ಕಾರ್ಡಿನ ಮೇಲೆ ‘ವೆನ್’, ‘ವೆನೆವರ್’ ಅಥವಾ ‘ಆಟ್’ ಎಂದು ಶುರುವಾಗುವ ವಾಕ್ಯವೇ ಇದರ ಗುರುತು.

ಟ್ರಿಗರ್ ಆಗುವುದು ಬೇರೆ, ಫಲಿಸುವುದು ಬೇರೆ

ಇವೆರಡರ ನಡುವೆ ಕೆಲವು ಹಂತಗಳಿವೆ.

1. ಘಟನೆ ನಡೆಯುತ್ತದೆ, ಸಾಮರ್ಥ್ಯ ಟ್ರಿಗರ್ ಆಗುತ್ತದೆ. ಪರಿಣಾಮ ಇನ್ನೂ ಇಲ್ಲ.
2. ನಿಯಮದಂತೆ ಆಟದ ಸ್ಥಿತಿಯ ತಪಾಸಣೆ ಆಗುತ್ತದೆ. ಲೈಫ್ ಸೊನ್ನೆಯಾದ ಆಟಗಾರ ಸೋಲುತ್ತಾನೆ, ಮಾರಕ ಹೊಡೆತ ತಿಂದ ಕ್ರೀಚರ್ ಸಾಯುತ್ತದೆ.
3. ಕಾಯುತ್ತಿದ್ದ ಟ್ರಿಗರ್‌ಗಳು ಆಮೇಲೆ ‘ಸ್ಟ್ಯಾಕ್’ ಸೇರುತ್ತವೆ. ಮೊದಲು ಸರದಿ ಯಾರದೋ ಅವರವು, ನಂತರ ಎದುರಾಳಿಯವು.
4. ಆಟಗಾರರಿಗೆ ಪ್ರತಿಕ್ರಿಯಿಸಲು ಅವಕಾಶ ಸಿಗುತ್ತದೆ. ಬಳಿಕ ಮೇಲಿನಿಂದ ಒಂದೊಂದಾಗಿ ಫಲಿಸುತ್ತವೆ.

ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಿದ್ದಂತೆ. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಹಾಗಾಗಿ ಇಬ್ಬರ ಟ್ರಿಗರ್‌ಗಳೂ ಒಟ್ಟಿಗೆ ಬಂದರೆ, ಎದುರಾಳಿಯದೇ ಮೊದಲು ಫಲಿಸುತ್ತದೆ. ಮಾನಾ ಕೊಡುವ ಕೆಲವು ಟ್ರಿಗರ್‌ಗಳು ಮಾತ್ರ ಸ್ಟ್ಯಾಕ್ ಸೇರದೆ ತಕ್ಷಣ ಫಲಿಸುತ್ತವೆ.

ತಪ್ಪು ಕಲ್ಪನೆ 1: ಕಾರ್ಡನ್ನು ಕೊಂದರೆ ಟ್ರಿಗರ್ ನಿಲ್ಲುತ್ತದೆ

ಇಲ್ಲ. ಬೇರೊಂದು ಕ್ರೀಚರ್ ಕಣಕ್ಕಿಳಿದಾಗಲೆಲ್ಲ ‘ಸೋಲ್ ವಾರ್ಡನ್’ ತನ್ನ ಒಡೆಯನಿಗೆ 1 ಲೈಫ್ ಕೊಡುತ್ತದೆ. ಟ್ರಿಗರ್ ಆದ ಮೇಲೆ ನೀವು ‘ಲೈಟ್ನಿಂಗ್ ಬೋಲ್ಟ್’ ಹಾಕಿ ಅದನ್ನು ಕೊಂದರೂ ಆ 1 ಲೈಫ್ ಸಿಕ್ಕೇ ಸಿಗುತ್ತದೆ. ಬಿಟ್ಟ ಬಾಣ ಬಿಲ್ಲು ಮುರಿದರೆ ನಿಲ್ಲುವುದಿಲ್ಲ. ತಡೆಯಬೇಕಾದರೆ, ಹೊಸ ಕ್ರೀಚರ್ ಕಣಕ್ಕಿಳಿಯುವ ಮೊದಲೇ ವಾರ್ಡನ್ ಅನ್ನು ಕೊಲ್ಲಬೇಕು.

ತಪ್ಪು ಕಲ್ಪನೆ 2: ಕೊನೆ ಗಳಿಗೆಯ ಟ್ರಿಗರ್ ಸೋಲಿನಿಂದ ಉಳಿಸುತ್ತದೆ

ನಿಮ್ಮಲ್ಲಿ 3 ಲೈಫ್ ಇದೆ, ಕಣದಲ್ಲಿ ‘ಬ್ಲಡ್ ಆರ್ಟಿಸ್ಟ್’ ಇದೆ ಎನ್ನಿ. ಯಾವುದೇ ಕ್ರೀಚರ್ ಸತ್ತಾಗ ಅದು ಒಬ್ಬ ಆಟಗಾರನ 1 ಲೈಫ್ ಕಳೆದು ನಿಮಗೆ 1 ಲೈಫ್ ಸೇರಿಸುತ್ತದೆ. ಯುದ್ಧದಲ್ಲಿ ನಿಮಗೆ 3 ಹಾನಿಯಾಯಿತು, ಅದೇ ಹೊತ್ತಿಗೆ ನಿಮ್ಮ ಇನ್ನೊಂದು ಕ್ರೀಚರ್ ಸತ್ತಿತು. ನೀವು ಉಳಿಯುವುದಿಲ್ಲ. ಎರಡನೇ ಹಂತದ ತಪಾಸಣೆಯಲ್ಲೇ ಸೋತಿರುತ್ತೀರಿ. ಟ್ರಿಗರ್ ಸ್ಟ್ಯಾಕ್ ಸೇರುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಇಲ್ಲಿ ‘ಲೈಫ್‌ಲಿಂಕ್’ ಬೇರೆ. ಅದು ಟ್ರಿಗರ್ ಅಲ್ಲ. ಹಾನಿಯಾಗುವಾಗಲೇ ಲೈಫ್ ಕೂಡಿಕೊಳ್ಳುತ್ತದೆ. ಅದೇ ಯುದ್ಧದಲ್ಲಿ ನಿಮ್ಮ ಲೈಫ್‌ಲಿಂಕ್ ಕ್ರೀಚರ್ 2 ಹಾನಿ ಮಾಡಿದ್ದರೆ, 3ರಲ್ಲಿ 3 ಕಳೆದು 2 ಕೂಡಿ, ನೀವು 2 ಲೈಫ್‌ನೊಂದಿಗೆ ಬದುಕುತ್ತೀರಿ.

ನೆನಪಿಡಿ

ವಾದ ಎದ್ದಾಗ ಮೊದಲು ಕಾರ್ಡಿನ ವಾಕ್ಯ ಓದಿ. ‘ವೆನ್’, ‘ವೆನೆವರ್’, ‘ಆಟ್’ ಎಂದು ಶುರುವಾದರೆ ಅದು ಸರದಿ ಕಾಯಬೇಕಾದ ಸಾಮರ್ಥ್ಯ. ಅದರ ಸರದಿ ಬರುವವರೆಗೆ ನೀವು ಆಟದಲ್ಲಿ ಉಳಿದಿರಬೇಕು, ಅಷ್ಟೇ.