ಹಣ ಬಂದರೂ ಕೈಸೇರದ ಕಥೆ: ಬೆಳಗಾವಿ–ಖಾನಾಪುರದ ಮನಿಯಾರ್ಡರ್ ಇತಿಹಾಸ

ದುಡಿಮೆಗಾಗಿ ಪರಊರಿಗೆ ಹೋದವರು ಮನೆಗೆ ಹಣ ಕಳುಹಿಸುವುದು ಹೊಸ ಸಂಗತಿಯೇನಲ್ಲ. ಬೆಳಗಾವಿ ಮತ್ತು ಅದರ ದಕ್ಷಿಣಕ್ಕಿರುವ ಖಾನಾಪುರ ತಾಲೂಕಿನಿಂದ ಜನರು ಮುಂಬಯಿ, ಪುಣೆ, ಗೋವಾಗಳಿಗೆ ಹೋಗಿ ದುಡಿದಿದ್ದಾರೆ. 1922ರಿಂದ ಬೆಳಗಾವಿಯಲ್ಲಿ ನೆಲೆಗೊಂಡ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದ ಸೈನಿಕರು ದೂರದ ಗಡಿಗಳಲ್ಲಿ ಸೇವೆ ಸಲ್ಲಿಸಿದ್ದಾರೆ. ಇವರ ಗಳಿಕೆ ಊರಿಗೆ ಹೇಗೆ ತಲುಪುತ್ತಿತ್ತು? ಎಲ್ಲಿ ತಡೆಯುತ್ತಿತ್ತು? ರಾಜರ, ಯುದ್ಧಗಳ ಇತಿಹಾಸದಷ್ಟೇ ಈ ಇತಿಹಾಸವೂ ತಿಳಿಯಬೇಕಾದದ್ದು.

ಹಿಂದೆ ವರ್ತಕರು ಹುಂಡಿಯ ಮೂಲಕ ಹಣ ರವಾನಿಸುತ್ತಿದ್ದರು. ಒಂದು ಊರಿನ ಸಾಹುಕಾರನಿಗೆ ಹಣ ಕಟ್ಟಿ ಪಡೆದ ಚೀಟಿಯನ್ನು ಇನ್ನೊಂದು ಊರಿನಲ್ಲಿ ತೋರಿಸಿದರೆ ಹಣ ದೊರೆಯುತ್ತಿತ್ತು. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಅವಧಿ ಮುಗಿದ ಮೇಲೆ ಕೊಡುವಂಥದು ಮುದ್ದತಿ ಹುಂಡಿ. ಇದೆಲ್ಲವೂ ಪರಸ್ಪರ ಪರಿಚಯ ಮತ್ತು ಪತ್ತಿನ ಮೇಲೆ ನಿಂತ ವ್ಯವಸ್ಥೆ. ಹತ್ತು ರೂಪಾಯಿ ಕಳುಹಿಸಬೇಕಾದ ಕೂಲಿಕಾರನಿಗೆ ಅಂಥ ಪತ್ತು ಎಲ್ಲಿಯದು? ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು, ದೇವರ ಮೇಲೆ ಭಾರ ಹಾಕುವುದೊಂದೇ ಅವನಿಗಿದ್ದ ದಾರಿ.

1880ರಲ್ಲಿ ಈ ಸ್ಥಿತಿ ಬದಲಾಯಿತು. ಅಲ್ಲಿಯವರೆಗೆ ಸರ್ಕಾರಿ ಖಜಾನೆಗಳು ನಡೆಸುತ್ತಿದ್ದ ಮನಿಯಾರ್ಡರ್ ಕೆಲಸವನ್ನು ಅಂಚೆ ಇಲಾಖೆ ವಹಿಸಿಕೊಂಡಿತು. ಅದೇ ದಶಕದಲ್ಲಿ ಬೆಳಗಾವಿ, ಖಾನಾಪುರ, ಲೋಂಡಾಗಳಿಗೆ ರೈಲೂ ಬಂದಿತು. ಟಪಾಲಿನವನೇ ಮನೆಬಾಗಿಲಿಗೆ ಬಂದು ಹಣ ಎಣಿಸಿ ಕೊಡುವ ಏರ್ಪಾಡು ಬಡವರ ಪಾಲಿಗೆ ದೊಡ್ಡ ಅನುಕೂಲವೇ ಸರಿ. ಫಾರಂನ ಕೆಳಭಾಗದಲ್ಲಿ ನಾಲ್ಕು ಸಾಲು ಬರೆಯಲು ಜಾಗವಿದ್ದುದರಿಂದ ಅದು ಹಣದ ಜೊತೆಗೆ ಬರುವ ಕಾಗದವೂ ಆಗಿತ್ತು.

ಆದರೆ ತೊಡಕುಗಳು ತೀರಲಿಲ್ಲ. ಅಕ್ಷರ ಬಾರದವರು ಫಾರಂ ತುಂಬಿಸಲು ಮತ್ತೊಬ್ಬರನ್ನು ಆಶ್ರಯಿಸಬೇಕಿತ್ತು. ಹಣ ಪಡೆಯುವವರು ಹೆಬ್ಬೆಟ್ಟು ಒತ್ತಿದರೆ ಓದುಬಲ್ಲ ಸಾಕ್ಷಿ ಬೇಕಿತ್ತು. ವಿಳಾಸದಾರ ಸಿಗದಿದ್ದರೆ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಖರ್ಚೂ ಕಡಿಮೆಯದಲ್ಲ. ಕಳೆದ ಶತಮಾನದ ಕೊನೆಯ ವೇಳೆಗೆ ಪ್ರತಿ 20 ರೂಪಾಯಿಗೆ 1 ರೂಪಾಯಿ ಕಮಿಷನ್ ಇತ್ತು. ಅಂದರೆ 1,000 ರೂಪಾಯಿ ಕಳುಹಿಸಲು 50 ರೂಪಾಯಿ. ಇದಲ್ಲದೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ ಕಾಡಿನಲ್ಲಿ ಮಳೆ ಹಿಡಿದರೆ ಹಳ್ಳಗಳು ತುಂಬಿ ದಾರಿಯೇ ಮುಚ್ಚುತ್ತದೆ. ಬಿತ್ತನೆಗೆ ಹಣ ಬೇಕಾದ ಕಾಲವೂ ಅದೇ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ತೊಡಕು ಊರಿನ ಹೆಸರಿನದು. ಬೆಳಗಾವಿ ಜಿಲ್ಲೆಯಲ್ಲಿರುವಂತೆ ಮಹಾರಾಷ್ಟ್ರದ ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿಯೂ ಒಂದು ಖಾನಾಪುರ ತಾಲೂಕಿದೆ. ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ ಮತ್ತೊಂದು ಖಾನಾಪುರ. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮೊದಲೆರಡು ಖಾನಾಪುರಗಳೂ ಮುಂಬಯಿ ಆಡಳಿತದಲ್ಲಿಯೇ ಇದ್ದವು. ಮೇಲಾಗಿ ವಿಳಾಸವನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ ಬರೆಯುವ ನಾಡಿದು. ದೇಶದಾದ್ಯಂತ ಇದ್ದ ಇಂಥ ಗೊಂದಲಕ್ಕೆ ಪರಿಹಾರವಾಗಿ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಿತು. ಇದರ ರೂವಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಹೌದು. ನಮ್ಮ ಖಾನಾಪುರ 591302. ಸಾಂಗ್ಲಿಯದು 4ರಿಂದ, ತೆಲಂಗಾಣದ್ದು 50ರಿಂದ ಆರಂಭವಾಗುತ್ತದೆ. ಲಿಪಿ ಯಾವುದಾದರೂ ಆರು ಅಂಕಿಗಳು ಊರನ್ನು ಬೇರ್ಪಡಿಸಿದವು.

ಈಗ ಕಾಲ ಬದಲಾಗಿದೆ. 2016ರಲ್ಲಿ ಬಂದ ಯುಪಿಐಯಿಂದ ಹಣ ಕ್ಷಣಾರ್ಧದಲ್ಲಿ ರವಾನೆಯಾಗುತ್ತದೆ. 2018ರಲ್ಲಿ ಆರಂಭವಾದ ಅಂಚೆ ಪಾವತಿ ಬ್ಯಾಂಕಿನ ಸೇವೆಯಲ್ಲಿ ಟಪಾಲಿನವನೇ ಬೆರಳಚ್ಚು ಯಂತ್ರ ಹಿಡಿದು ಮನೆಗೆ ಬರಬಲ್ಲ. ಆದರೆ ಭೀಮಗಡದ ಕಾಡೂರುಗಳಲ್ಲಿ ಮಳೆಗಾಲದ ದಾರಿ ಇಂದಿಗೂ ಕಷ್ಟದ್ದೇ. ಖಾತೆಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಕೆಲಸ ನಿಲ್ಲಬಹುದು. ಒಂದು ಅಂಕಿ ತಪ್ಪಿದರೆ ಹಣ ಅಪರಿಚಿತರ ಪಾಲಾಗಬಹುದು. ಮಣ್ಣಿನಲ್ಲಿ ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋಗುವುದೂ ಉಂಟು. ಅಂದು ಹೆಬ್ಬೆಟ್ಟಿಗೆ ನೆರೆಯವರು ಸಾಕ್ಷಿ ನಿಲ್ಲುತ್ತಿದ್ದರು. ಯಂತ್ರದ ಮುಂದೆ ಅಂಥ ಸಾಕ್ಷಿ ನಡೆಯುವುದಿಲ್ಲ.

ಹಣ ಸಾಗುವ ವೇಗ ಹೆಚ್ಚಿದರೂ ‘ಇದು ಇವರಿಗೇ ಸೇರಬೇಕಾದದ್ದು’ ಎಂದು ಖಚಿತಪಡಿಸುವ ಕಷ್ಟ ಉಳಿದೇ ಇದೆ. ಆ ಕಷ್ಟದ ಹೊರೆ ಅಂದಿನಂತೆ ಇಂದೂ ಹೆಚ್ಚಾಗಿ ಬೀಳುವುದು ಓದು ಬಾರದವರ ಮೇಲೆ. ವಿದ್ಯಾರ್ಥಿಗಳು ತಮ್ಮ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಮನಿಯಾರ್ಡರ್ ಚೀಟಿಗಳಿದ್ದರೆ ಹಿರಿಯರ ಜೊತೆ ಕುಳಿತು ಓದಲಿ. ಬ್ಯಾಂಕಿನ ಸಾಲಿನಲ್ಲಿ ಫಾರಂ ಹಿಡಿದು ನಿಂತ ಅಜ್ಜಿಗೆ ಅದನ್ನು ತುಂಬಿಕೊಡಲಿ. ಇತಿಹಾಸ ಓದಿದ್ದಕ್ಕೆ ಅದೂ ಒಂದು ಸಾರ್ಥಕತೆ.